ಕಿತ್ತಳೆ ಮರದ ಹಸಿವೂ ಅದರ ರೋಗವೂ

ಕೊಡಗಿನ ಕಿತ್ತಳೆಯ ಹೆಸರನ್ನು ಕೇಳದವರು ಕನ್ನಡ ನಾಡಿನಲ್ಲಿ ವಿರಳ. ಸಡಿಲವಾದ ಸಿಪ್ಪೆ, ಹುಳಿ ಬೆರೆತ ಸಿಹಿ, ಬಿಡಿಸಿದೊಡನೆ ಮನೆಯನ್ನು ತುಂಬುವ ಪರಿಮಳ, ಇವುಗಳಿಂದ ಈ ಹಣ್ಣು ಇತರ ಸೀಮೆಗಳ ಹಣ್ಣುಗಳಿಗಿಂತ ಬೇರೆಯಾಗಿ ಗುರುತಿಸಲ್ಪಟ್ಟಿದೆ. ೨೦೦೫–೦೬ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ನೋಂದಣಿಯೂ ದೊರೆಯಿತು. ಆದರೆ ಹೆಸರಿಗೆ ರಕ್ಷಣೆ ದೊರೆಯುವ ವೇಳೆಗೆ ಮರಗಳೇ ಅಪರೂಪವಾಗುತ್ತ ಬಂದಿದ್ದುವು. ಹಿಂದೆ ಐನ್‌ಮನೆಗಳ ಸುತ್ತಲೂ ಬಾಣೆಗಳ ಕಾಫಿ ಗಿಡಗಳ ನಡುವೆಯೂ ಸಾಲುಸಾಲಾಗಿದ್ದ ಕಿತ್ತಳೆ ಮರಗಳ ಸ್ಥಳದಲ್ಲಿ ಇಂದು ಸಿಲ್ವರ್ ಓಕ್ ಮರಗಳೂ ಅವುಗಳಿಗೆ ಹಬ್ಬಿದ ಕರಿಮೆಣಸಿನ ಬಳ್ಳಿಗಳೂ ಕಾಣುತ್ತವೆ. ಉಳಿದಿರುವ ಮರಗಳಲ್ಲಿಯೂ ಎಷ್ಟೋ ಮರಗಳು ಎಲೆ ಹಳದಿಯಾಗಿ, ಕೊಂಬೆಗಳು ತುದಿಯಿಂದ ಒಣಗಿ, ಬೆರಳೆಣಿಕೆಯ ಹಣ್ಣುಗಳನ್ನು ಹೊತ್ತುಕೊಂಡು ನಿಂತಿರುವುವು.

ಹಳದಿಯಾದ ಮರವನ್ನು ಕಂಡಾಗ ನಮ್ಮ ಭೂಮಾಲಿಕರು ಸಾಮಾನ್ಯವಾಗಿ ಎರಡು ಬಗೆಯಾಗಿ ನಡೆದುಕೊಳ್ಳುವರು. ಕೆಲವರು ಅದಕ್ಕೆ ಗೊಬ್ಬರ ಸಾಲದೆಂದು ಭಾವಿಸಿ ವರ್ಷ ವರ್ಷವೂ ಹೆಚ್ಚು ಹೆಚ್ಚಾಗಿ ಗೊಬ್ಬರ ಹಾಕುತ್ತ ಹೋಗುವರು. ಇನ್ನು ಕೆಲವರು ಅದಕ್ಕೆ ರೋಗ ತಗಲಿತೆಂದು ನಿಶ್ಚಯಿಸಿ, ಕಡಿದೂ ಹಾಕದೆ ಆರೈಕೆಯೂ ಮಾಡದೆ ಕೈಬಿಡುವರು. ಈ ಎರಡು ನಡತೆಗಳಲ್ಲಿಯೂ ನಷ್ಟವುಂಟು. ಕಿತ್ತಳೆಯ ಎಲೆ ಹಳದಿಯಾಗುವುದಕ್ಕೆ ಹಸಿವು ಕಾರಣವಾಗಿರಬಹುದು, ರೋಗವೂ ಕಾರಣವಾಗಿರಬಹುದು. ಹಸಿದ ಮರಕ್ಕೆ ಆಹಾರ ಕೊಟ್ಟರೆ ಎರಡು ಮೂರು ಚಿಗುರುಗಳಲ್ಲಿ ಅದು ಚೇತರಿಸಿಕೊಳ್ಳುವುದು. ಗ್ರೀನಿಂಗ್ ರೋಗ ಹಿಡಿದ ಮರಕ್ಕೆ ಎಷ್ಟು ಗೊಬ್ಬರ ಸುರಿದರೂ ಗುಣವಾಗದು. ಅದು ನಿಂತಿರುವಷ್ಟು ಕಾಲವೂ ನೆರೆಯ ಮರಗಳಿಗೆ ರೋಗವನ್ನು ಹಂಚುತ್ತಿರುವುದು. ಆದುದರಿಂದ ಗೊಬ್ಬರದ ಚೀಲವನ್ನು ಬಿಚ್ಚುವುದಕ್ಕೂ ಕೊಡಲಿಯನ್ನು ಎತ್ತುವುದಕ್ಕೂ ಮುಂಚೆ ಎಲೆಯನ್ನು ಓದುವುದನ್ನು ಕಲಿಯತಕ್ಕದ್ದು. ಅದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮರಕ್ಕೆ ಹಸಿವು ಉಂಟಾಗುವುದೇಕೆ?

ಕೊಡಗಿನ ಕಿತ್ತಳೆಯು ಬಹುತೇಕ ಪ್ರತ್ಯೇಕ ತೋಟದ ಬೆಳೆಯಲ್ಲ. ಅದು ಕಾಫಿಯೊಡನೆ ಬೆಳೆಯುವ ಮರ. ಕಾಫಿ ಗಿಡಗಳಿಗೆ ಲೆಕ್ಕ ಹಾಕಿ ಗೊಬ್ಬರ ಕೊಡುವ ಮಾಲಿಕರು ಅದೇ ಗೊಬ್ಬರದಲ್ಲಿ ಕಿತ್ತಳೆಯೂ ಪಾಲು ಪಡೆಯುವುದೆಂದು ನಂಬಿರುವರು. ವಾಸ್ತವವಾಗಿ ನಡೆಯುವುದು ಇದಕ್ಕೆ ವಿರುದ್ಧ. ಕಿತ್ತಳೆಯ ಆಹಾರ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೂವರೆ ಅಡಿ ಮಣ್ಣಿನಲ್ಲಿಯೇ ಹರಡಿರುತ್ತವೆ. ಕಾಫಿಯ ಸಣ್ಣ ಬೇರುಗಳು ಇರುವುದೂ ಅದೇ ಪದರದಲ್ಲಿಯೇ. ಒಂದೇ ತಟ್ಟೆಯಲ್ಲಿ ಇಬ್ಬರು ಉಣ್ಣುವಾಗ ಒಬ್ಬನ ಅಳತೆಗೆ ಮಾತ್ರ ಬಡಿಸಿದರೆ ಇಬ್ಬರಿಗೂ ಅರೆಹೊಟ್ಟೆಯಾಗುವುದು ಸಹಜವಷ್ಟೆ.

ಎರಡನೆಯ ಕಾರಣ ನಮ್ಮ ಮಳೆ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ ೩,೦೦೦ ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಬೀಳುವುದು. ಭಾಗಮಂಡಲದ ಕಡೆ ಇನ್ನೂ ಅಧಿಕ. ಇಷ್ಟು ನೀರು ಇಳಿಜಾರಿನ ಭೂಮಿಯಲ್ಲಿ ಇಳಿದು ಹೋಗುವಾಗ ಸಾರಜನಕ, ಪೊಟ್ಯಾಷ್, ಸುಣ್ಣದ ಅಂಶ, ಮೆಗ್ನೀಸಿಯಂ ಮುಂತಾದುವನ್ನು ತನ್ನೊಡನೆ ಕೊಂಡೊಯ್ಯುವುದು. ಸುಣ್ಣದ ಅಂಶವು ತೊಳೆದುಹೋದ ಮಣ್ಣು ಹುಳಿಯಾಗುವುದು. ಹುಳಿ ಮಣ್ಣಿನಲ್ಲಿ ಹಾಕಿದ ರಂಜಕವು ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳೊಡನೆ ಸೇರಿ ಗಟ್ಟಿಯಾಗಿಬಿಡುವುದರಿಂದ ಬೇರಿಗೆ ಸುಲಭವಾಗಿ ದೊರೆಯದು. ಹೀಗೆ ಗೊಬ್ಬರಕ್ಕೆ ವೆಚ್ಚ ಮಾಡಿದ ತೋಟದಲ್ಲಿಯೂ ಮರವು ಹಸಿದಿರಬಹುದು.

ಮೂರನೆಯ ಕಾರಣ ಅಗತೆ. ಕಾಫಿ ತೋಟದಲ್ಲಿ ಕಳೆ ತೆಗೆಯುವುದಕ್ಕಾಗಿ ಕಿತ್ತಳೆಯ ಬುಡದವರೆಗೂ ಗುದ್ದಲಿ ಓಡಿಸಿದರೆ ಮೇಲ್ಪದರದ ಬೇರುಗಳು ಕತ್ತರಿಸಿಹೋಗುವುವು. ಆಹಾರವಿದ್ದರೂ ಉಣ್ಣುವ ಬಾಯಿ ಇಲ್ಲದಂತಾಗುವುದು. ಗಾಯಗೊಂಡ ಬೇರಿನ ಮೂಲಕ ಬುಡಕೊಳೆ ರೋಗದ ಬೂಷ್ಟೂ ಒಳಹೊಗುವುದು.

ಎಲೆಯನ್ನು ಓದುವ ಬಗೆ

ಮರವನ್ನು ಪರೀಕ್ಷಿಸುವುದಕ್ಕೆ ಒಳ್ಳೆಯ ಕಾಲವೆಂದರೆ ಹುತ್ತರಿಯ ಆಸುಪಾಸಿನಿಂದ ಮಕರ ಸಂಕ್ರಾಂತಿಯವರೆಗೆ. ಆಗ ಮರದ ಮೇಲೆ ಹಣ್ಣಿರುತ್ತದೆ. ಚಳಿಯ ದಿನಗಳಲ್ಲಿ ಗ್ರೀನಿಂಗ್ ರೋಗದ ಚಿಹ್ನೆಗಳೂ ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ. ಮರದ ನಾಲ್ಕು ದಿಕ್ಕುಗಳಿಂದಲೂ ಬಲಿತ ಎಲೆಗಳನ್ನೂ ಎಳೆಯ ಎಲೆಗಳನ್ನೂ ಕಿತ್ತು, ಬೆಳಕಿಗೆ ಹಿಡಿದು ನೋಡಬೇಕು.

ಹಸಿವಿನ ಚಿಹ್ನೆಗಳಿಗೆ ಒಂದು ಸಾಮಾನ್ಯ ಲಕ್ಷಣವುಂಟು. ಎಲೆಯ ನಡುನರದ ಎಡಭಾಗದಲ್ಲಿ ಯಾವ ಬಗೆಯ ಹಳದಿ ಇರುವುದೋ ಬಲಭಾಗದಲ್ಲಿಯೂ ಹೆಚ್ಚುಕಡಮೆ ಅದೇ ಬಗೆಯ ಹಳದಿ ಇರುವುದು. ಎಲೆಯನ್ನು ನಡುನರದ ಉದ್ದಕ್ಕೆ ಮಡಿಸಿದರೆ ಎರಡು ಭಾಗಗಳೂ ಒಂದಕ್ಕೊಂದು ಹೊಂದುವುವು. ಇನ್ನು ಯಾವ ಅಂಶದ ಕೊರತೆಯೆಂಬುದನ್ನು ಹೀಗೆ ತಿಳಿಯಬಹುದು:

ಬಲಿತ ಎಲೆಗಳು ನರಗಳೂ ಸೇರಿ ಒಂದೇ ಸಮನಾಗಿ ಬಿಳಿಚಿಕೊಂಡಿದ್ದರೆ ಸಾರಜನಕ ಸಾಲದು.

ಬಲಿತ ಎಲೆಯಲ್ಲಿ ತೊಟ್ಟಿನ ಕಡೆ ಮಾತ್ರ ಹಸುರು ಮೂಲೆಯೊಂದು ಉಳಿದು, ತುದಿಯೂ ಅಂಚುಗಳೂ ಹಳದಿಯಾಗಿದ್ದರೆ ಮೆಗ್ನೀಸಿಯಂ ಸಾಲದು. ಹಣ್ಣು ತುಂಬಾ ಹಿಡಿದ ಮರಗಳಲ್ಲಿ ಇದು ಹೆಚ್ಚಾಗಿ ಕಾಣುವುದು.

ಎಳೆಯ ಎಲೆಗಳು ಕಿರಿದಾಗಿ, ಚೂಪಾಗಿ, ನೆಟ್ಟಗೆ ನಿಂತು, ನರಗಳು ಹಸುರಾಗಿದ್ದು ಅವುಗಳ ನಡುವಣ ಭಾಗ ಹಳದಿಯಾಗಿದ್ದರೆ ಸತುವಿನ ಅಂಶ ಸಾಲದು. ನಮ್ಮ ತೋಟಗಳಲ್ಲಿ ಅತ್ಯಂತ ಸಾಮಾನ್ಯವಾದ ಕೊರತೆಗಳಲ್ಲಿ ಇದೂ ಒಂದು.

ಎಳೆಯ ಎಲೆಗಳು ಗಾತ್ರದಲ್ಲಿ ಸರಿಯಾಗಿಯೇ ಇದ್ದು, ತೆಳು ಹಳದಿಯ ಬಟ್ಟೆಯ ಮೇಲೆ ಹಸುರು ದಾರದ ಬಲೆಯನ್ನು ಹಾಸಿದಂತೆ ನರಗಳು ಕಂಡರೆ ಕಬ್ಬಿಣದ ಅಂಶ ಸಾಲದು.

ಗ್ರೀನಿಂಗ್ ರೋಗದ ಹಳದಿ ಹೀಗಿರುವುದಿಲ್ಲ. ಬಲಿತ ಎಲೆಯ ಮೇಲೆ ಹಸುರೂ ಹಳದಿಯೂ ಅಂಕೆಯಿಲ್ಲದೆ ತೇಪೆತೇಪೆಯಾಗಿ ಕಲೆತಿರುವುವು. ಅವು ನರಗಳ ಎಲ್ಲೆಯನ್ನು ದಾಟಿ ಹರಡಿರುವುವು. ನಡುನರದ ಎರಡು ಪಕ್ಕಗಳೂ ಒಂದಕ್ಕೊಂದು ಹೋಲುವುದಿಲ್ಲ. ಎಲೆಯು ದಪ್ಪವಾಗಿ ತೊಗಲಿನಂತಾಗುವುದೂ ಉಂಟು. ಇದಲ್ಲದೆ ಆರಂಭದಲ್ಲಿ ರೋಗವು ಇಡೀ ಮರದಲ್ಲಿ ಕಾಣದೆ ಒಂದೆರಡು ಕೊಂಬೆಗಳಲ್ಲಿ ಮಾತ್ರ ಕಾಣುವುದು. ಹಸಿರು ಮರದಲ್ಲಿ ಒಂದೇ ಹಳದಿ ಕೊಂಬೆ ಎದ್ದು ಕಂಡರೆ ಸಂಶಯಪಡಬೇಕು. ಹಣ್ಣುಗಳನ್ನೂ ನೋಡಬೇಕು. ರೋಗದ ಹಣ್ಣು ಸಣ್ಣದಾಗಿ, ಒಂದು ಪಕ್ಕಕ್ಕೆ ವಾಲಿಕೊಂಡು ಬೆಳೆಯುವುದು, ತೊಟ್ಟಿನ ಕಡೆ ಮೊದಲು ಬಣ್ಣ ತಿರುಗಿ ಕೆಳಭಾಗ ಹಸುರಾಗಿಯೇ ಉಳಿಯುವುದು, ಉದ್ದಕ್ಕೆ ಕೊಯ್ದರೆ ಒಳಗಿನ ನಡುಗಂಬ ಬಾಗಿರುವುದು, ಬೀಜಗಳು ಕಪ್ಪಾಗಿ ಜೊಳ್ಳಾಗಿರುವುವು, ರುಚಿ ಕಹಿ. ಹಸುರಾಗಿ ಉಳಿಯುವ ಈ ಹಣ್ಣಿನಿಂದಲೇ ರೋಗಕ್ಕೆ ಗ್ರೀನಿಂಗ್ ಎಂಬ ಹೆಸರು ಬಂದಿತು.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಬೇಕು. ರೋಗ ಹಿಡಿದ ಮರದ ಬೇರುಗಳು ಕ್ಷೀಣಿಸುವುದರಿಂದ ಅದೇ ಮರದಲ್ಲಿ ಸತುವಿನ ಕೊರತೆಯೂ ಜೊತೆಯಲ್ಲಿಯೇ ಕಾಣಬಹುದು. ಆದುದರಿಂದ ಎಳೆಯ ಎಲೆಯಲ್ಲಿ ಸತುವಿನ ಕೊರತೆಯನ್ನು ಕಂಡಮಾತ್ರಕ್ಕೆ ನಿಶ್ಚಿಂತರಾಗದೆ ಬಲಿತ ಎಲೆಯನ್ನೂ ಹಣ್ಣನ್ನೂ ನೋಡಿಯೇ ತೀರ್ಮಾನಕ್ಕೆ ಬರಬೇಕು. ಸಂಶಯ ಉಳಿದರೆ ಎಲೆಗಳನ್ನು ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದವರಿಗೆ ಅಥವಾ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿ ಸಲಹೆ ಪಡೆಯುವುದು ಉತ್ತಮ. ರೋಗಾಣುವನ್ನು ಗುರುತಿಸುವ ಪ್ರಯೋಗಶಾಲೆಯ ಪರೀಕ್ಷೆಗಳು ಈಗ ಉಂಟು.

ಮೂರನೆಯ ಸಂಭವವೊಂದುಂಟು. ಬುಡದ ತೊಗಟೆ ಕೊಳೆತು, ಅಂಟು ಸೋರಿ, ಎಲೆಗಳ ನರಗಳೇ ಹಳದಿಯಾಗಿ ಉದುರುತ್ತಿದ್ದರೆ ಅದು ಬುಡಕೊಳೆ ರೋಗ. ನೀರು ನಿಲ್ಲುವ ಸ್ಥಳಗಳಲ್ಲಿಯೂ ಕಸಿಯ ಗಂಟನ್ನು ಮಣ್ಣಿನಲ್ಲಿ ಹೂತ ಮರಗಳಲ್ಲಿಯೂ ಇದು ಹೆಚ್ಚು. ಇಂಥ ಮರಕ್ಕೆ ಬೇಕಾದುದು ಮೊದಲು ಗೊಬ್ಬರವಲ್ಲ, ನೀರು ಹೋಗುವ ಕಾಲುವೆ.

ವಿದ್ವಾಂಸರೂ ಬಹುಕಾಲ ಗುರುತಿಸದ ರೋಗ

ಹಸಿವಿಗೂ ಈ ರೋಗಕ್ಕೂ ಇರುವ ಹೋಲಿಕೆ ನಮ್ಮ ರೈತರನ್ನು ಮಾತ್ರ ತೊಡಕಿಗೆ ಸಿಕ್ಕಿಸಲಿಲ್ಲ. ದಕ್ಷಿಣ ಆಫ್ರಿಕದಲ್ಲಿ ಈ ರೋಗವನ್ನು ಮೊದಲು ವಿವರಿಸಿದವರು ೧೯೩೭ರಲ್ಲಿ ಇದಕ್ಕೆ ಮಣ್ಣಿನಲ್ಲಿರುವ ಕ್ರೋಮಿಯಂ ಮತ್ತು ಮ್ಯಾಂಗನೀಸ್ ಅಂಶಗಳ ಅತಿರೇಕವೇ ಕಾರಣವೆಂದು ಊಹಿಸಿದ್ದರು. ಚೀನಾ ದೇಶದಲ್ಲಿ ಇದಕ್ಕೆ ಹಳದಿ ಚಿಗುರಿನ ರೋಗವೆಂಬ ಅರ್ಥ ಕೊಡುವ ಹ್ವಾಂಗ್‌ಲಾಂಗ್‌ಬಿಂಗ್ ಎಂಬ ಹೆಸರುಂಟು. ಅಲ್ಲಿಯ ಲಿನ್ ಕುಂಗ್-ಹ್ಸಿಯಾಂಗ್ ಎಂಬ ವಿಜ್ಞಾನಿಯು ಇದು ಕಸಿಯ ಮೂಲಕ ಒಂದು ಮರದಿಂದ ಮತ್ತೊಂದಕ್ಕೆ ಹರಡುವ ರೋಗವೆಂಬುದನ್ನು ತೋರಿಸಿ ೧೯೫೬ರಲ್ಲಿ ಪ್ರಕಟಿಸಿದನು. ದಕ್ಷಿಣ ಆಫ್ರಿಕದಲ್ಲಿ ೧೯೬೫ರಲ್ಲಿ ಇದೇ ಸಂಗತಿ ಸ್ಥಿರಪಟ್ಟಿತು. ಮರುವರ್ಷ, ಎಂದರೆ ೧೯೬೬ರಲ್ಲಿ, ಆಸ್ಟ್ರೇಲಿಯದ ಲಿಲಿಯನ್ ಫ್ರೇಸರ್ ಎಂಬ ವಿದುಷಿಯೂ ಭಾರತದ ವಿಜ್ಞಾನಿಗಳೂ ಸೇರಿ, ನಮ್ಮ ದೇಶದ ಕಿತ್ತಳೆ ಜಾತಿಯ ಮರಗಳು ತುದಿಯಿಂದ ಒಣಗಿ ಸಾಯುವುದಕ್ಕೆ ಬಹುಶಃ ಇದೇ ರೋಗ ಕಾರಣವೆಂದು ತಿಳಿಸಿದರು. ಸಿಲ್ಲಾ ಎಂಬ ಸಣ್ಣ ಕೀಟವು ಭಾರತದಲ್ಲಿ ಇದನ್ನು ಹರಡುವುದೆಂಬುದು ೧೯೬೭ರಲ್ಲಿ ತಿಳಿಯಿತು. ಮೊದಲು ಇದನ್ನು ವೈರಸ್ ರೋಗವೆಂದು ಎಣಿಸಿದ್ದರು. ಎಲೆಯ ರಸ ಹರಿಯುವ ನಾಳಗಳಲ್ಲಿ ವಾಸಿಸುವ ಬ್ಯಾಕ್ಟೀರಿಯ ಇದಕ್ಕೆ ಕಾರಣವೆಂಬುದು ತರುವಾಯದ ಸಂಶೋಧನೆಗಳಿಂದ ಖಚಿತವಾಯಿತು.

ಆ ನಾಳಗಳೇ ಎಲೆಯಲ್ಲಿ ತಯಾರಾದ ಆಹಾರವನ್ನು ಬೇರಿಗೂ ಹಣ್ಣಿಗೂ ಒಯ್ಯತಕ್ಕ ದಾರಿ. ದಾರಿ ಕಟ್ಟಿಹೋದಾಗ ಎಲೆಯಲ್ಲಿ ಪಿಷ್ಟ ತುಂಬಿಕೊಂಡು ಅದು ತೇಪೆತೇಪೆಯಾಗಿ ಹಳದಿಯಾಗುವುದು. ಬೇರು ಆಹಾರವಿಲ್ಲದೆ ಸೊರಗುವುದು. ಬುಡಕ್ಕೆ ಹಾಕಿದ ಗೊಬ್ಬರದಿಂದ ಈ ಕಟ್ಟು ಬಿಡಿಸಲಾಗದೆಂಬುದನ್ನು ಓದುಗರೇ ಊಹಿಸಬಹುದು.

ಉದಾಸೀನದ ಫಲವೇನೆಂಬುದಕ್ಕೆ ಅಮೆರಿಕದ ಫ್ಲಾರಿಡ ಪ್ರಾಂತವು ಸಾಕ್ಷಿ. ೨೦೦೩–೦೪ರಲ್ಲಿ ಅಲ್ಲಿ ಸುಮಾರು ೨೪ ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿತ್ತು. ೨೦೦೫ರಲ್ಲಿ ಅಲ್ಲಿ ಗ್ರೀನಿಂಗ್ ರೋಗ ಕಾಣಿಸಿಕೊಂಡಿತು. ೨೦೨೪–೨೫ರಲ್ಲಿ ಬೆಳೆದುದು ಸುಮಾರು ೧.೨ ಕೋಟಿ ಪೆಟ್ಟಿಗೆ ಮಾತ್ರ. ನಡುನಡುವೆ ಬೀಸಿದ ಚಂಡಮಾರುತಗಳೂ ಹಾನಿ ಮಾಡಿದುವಾದರೂ ಮುಖ್ಯ ಕಾರಣ ಈ ರೋಗವೇ. ಹಣ, ಯಂತ್ರ, ವಿದ್ಯೆ ಯಾವುದಕ್ಕೂ ಕೊರತೆಯಿಲ್ಲದ ಸೀಮೆಯಲ್ಲಿ ಹೀಗಾದ ಮೇಲೆ ನಾವು ಎಷ್ಟು ಜಾಗರೂಕರಾಗಿರಬೇಕೆಂಬುದು ಸ್ಪಷ್ಟ.

ಹಸಿದ ಮರಕ್ಕೆ ಆಹಾರ ಕೊಡುವ ಕ್ರಮ

ಮೊದಲು ಮಣ್ಣಿನ ಪರೀಕ್ಷೆ ಮಾಡಿಸಬೇಕು. ಕಾಫಿಗಾಗಿ ಮಣ್ಣಿನ ಪರೀಕ್ಷೆ ಮಾಡಿಸುವವರು ಕಿತ್ತಳೆಯ ಬುಡದ ಮಣ್ಣನ್ನೂ ಬೇರೆ ಚೀಲದಲ್ಲಿ ಕಳುಹಿಸಿದರೆ ಸಾಕು. ಮಣ್ಣಿನ ಹುಳಿಯನ್ನು ಅಳೆಯುವ ಅಂಕೆಯು ಐದೂವರೆಗಿಂತ ಕಡಮೆ ಇದ್ದರೆ ಪರೀಕ್ಷೆಯವರು ತಿಳಿಸುವ ಪ್ರಮಾಣದಲ್ಲಿ ಕೃಷಿ ಸುಣ್ಣವನ್ನಾಗಲಿ, ಮೆಗ್ನೀಸಿಯಂ ಕೊರತೆಯೂ ಇದ್ದಲ್ಲಿ ಡಾಲೊಮೈಟ್ ಪುಡಿಯನ್ನಾಗಲಿ ಹಾಕತಕ್ಕದ್ದು. ಸುಣ್ಣವನ್ನೂ ಸಾರಜನಕದ ಗೊಬ್ಬರವನ್ನೂ ಒಟ್ಟಿಗೆ ಹಾಕಿದರೆ ಸಾರಜನಕವು ಆವಿಯಾಗಿ ನಷ್ಟವಾಗುವುದರಿಂದ ಎರಡಕ್ಕೂ ಮೂರು ನಾಲ್ಕು ವಾರಗಳ ಅಂತರವಿರಬೇಕು.

ಗೊಬ್ಬರದ ಪ್ರಮಾಣ. ಚೆನ್ನಾಗಿ ಫಸಲು ಕೊಡುವ, ಆರು ವರ್ಷ ಮೀರಿದ ಮರವೊಂದಕ್ಕೆ ವರ್ಷಕ್ಕೆ ಕಳಿತ ಕೊಟ್ಟಿಗೆ ಗೊಬ್ಬರ ೨೫ರಿಂದ ೩೦ ಕಿಲೋಗ್ರಾಂ, ಸಾರಜನಕ ೫೦೦ರಿಂದ ೬೦೦ ಗ್ರಾಂ, ರಂಜಕ ೨೦೦ ಗ್ರಾಂ, ಪೊಟ್ಯಾಷ್ ೪೦೦ ಗ್ರಾಂ ಎಂಬುದು ಸಾಮಾನ್ಯ ಅಂದಾಜು. ಅಂಗಡಿಯ ಗೊಬ್ಬರದ ಲೆಕ್ಕದಲ್ಲಿ ಹೇಳುವುದಾದರೆ ಯೂರಿಯಾ ಸುಮಾರು ೧,೧೦೦ರಿಂದ ೧,೩೦೦ ಗ್ರಾಂ, ಶೇಕಡ ೨೦ ರಂಜಕವುಳ್ಳ ಶಿಲಾರಂಜಕ ಒಂದು ಕಿಲೋಗ್ರಾಂ, ಮ್ಯೂರಿಯೇಟ್ ಆಫ್ ಪೊಟ್ಯಾಷ್ ಸುಮಾರು ೬೭೦ ಗ್ರಾಂ. ಶಿಲಾರಂಜಕವು ನಮ್ಮ ಹುಳಿ ಮಣ್ಣಿನಲ್ಲಿ ನಿಧಾನವಾಗಿ ಕರಗಿ ಒದಗುವುದರಿಂದ ಇಲ್ಲಿಗೆ ಒಪ್ಪುವಂಥದು. ಮೊದಲ ವರ್ಷದ ಸಸಿಗೆ ಇದರಲ್ಲಿ ಆರನೆಯ ಒಂದು ಪಾಲನ್ನು ಕೊಟ್ಟು ವರ್ಷ ವರ್ಷವೂ ಅಷ್ಟಷ್ಟೇ ಹೆಚ್ಚಿಸುತ್ತ ಬಂದರೆ ಆರನೆಯ ವರ್ಷಕ್ಕೆ ಪೂರ್ಣ ಪ್ರಮಾಣವಾಗುವುದು. ಮಣ್ಣಿನ ಪರೀಕ್ಷೆಯಲ್ಲಿ ಯಾವ ಅಂಶ ಸಮೃದ್ಧವಾಗಿದೆಯೆಂದು ತಿಳಿಯುವುದೋ ಅದನ್ನು ತಗ್ಗಿಸಬಹುದು. ಈ ಗೊಬ್ಬರವು ಕಾಫಿಗೆ ಕೊಡುವ ಗೊಬ್ಬರದ ಹೊರತಾಗಿ ಕೊಡತಕ್ಕದ್ದೆಂಬುದನ್ನು ಮರೆಯಬಾರದು.

ಕೊಡುವ ಕಾಲ. ಹೂಮಳೆ ಬಿದ್ದು ಮಿಡಿ ಕಟ್ಟಿದ ಮೇಲೆ, ಏಪ್ರಿಲ್ ಕೊನೆಯಿಂದ ಮೇ ತಿಂಗಳೊಳಗೆ, ನೆಲ ಹಸಿಯಾಗಿರುವಾಗ ಸಾರಜನಕ ಮತ್ತು ಪೊಟ್ಯಾಷಿನ ಅರ್ಧ ಪಾಲನ್ನು ಕೊಡಬೇಕು. ಕಕ್ಕಡ ತಿಂಗಳ ಜಡಿಮಳೆಯಲ್ಲಿ ಏನನ್ನೂ ಹಾಕಬಾರದು. ಆಗ ಹಾಕಿದ ಯೂರಿಯಾ ಹೊಳೆಗೆ ಸೇರುವುದೇ ಹೊರತು ಮರಕ್ಕೆ ಸೇರದು. ಕೈಲ್ ಮುಹೂರ್ತದ ತರುವಾಯ ಮಳೆ ಇಳಿಮುಖವಾದಾಗ, ಕಾವೇರಿ ಸಂಕ್ರಮಣದ ಒಳಗಾಗಿ, ಉಳಿದರ್ಧವನ್ನೂ ಪೂರ್ಣ ಶಿಲಾರಂಜಕವನ್ನೂ ಕೊಟ್ಟಿಗೆ ಗೊಬ್ಬರವನ್ನೂ ಕೊಡಬೇಕು.

ಕೊಡುವ ಸ್ಥಳ. ಬೊಡ್ಡೆಗೆ ತಾಗಿಸಿ ಗೊಬ್ಬರ ಹಾಕುವುದು ನಿಷ್ಪ್ರಯೋಜಕ, ಅಪಾಯಕರ ಕೂಡ. ಬೊಡ್ಡೆಯಿಂದ ಎರಡು ಮೂರು ಅಡಿ ಬಿಟ್ಟು, ಕೊಂಬೆಗಳ ತುದಿಯಿಂದ ಹನಿ ಬೀಳುವ ಗೆರೆಯವರೆಗಿನ ವರ್ತುಲದಲ್ಲಿ ಹರಡಿ, ಕೈಗುದ್ದಲಿಯಿಂದ ಎರಡು ಮೂರು ಅಂಗುಲ ಮಾತ್ರ ಮಣ್ಣು ಕದಲಿಸಿ ಮುಚ್ಚಬೇಕು. ಇಳಿಜಾರಿನಲ್ಲಿ ಮೇಲ್ಭಾಗದ ಅರ್ಧಚಂದ್ರಾಕಾರದಲ್ಲಿ ಹಾಕಿದರೆ ನೀರು ಅದನ್ನು ಬೇರಿನ ಕಡೆಗೇ ತರುವುದು. ತರುವಾಯ ಒಣ ತರಗೆಲೆ, ಮರಗಸಿಯಲ್ಲಿ ಕಡಿದ ಹಾಲುವಾಣದ ಸೊಪ್ಪು ಮುಂತಾದುವನ್ನು ಹೊದಿಸಬೇಕು. ಹಾಲುವಾಣವು ಗಾಳಿಯ ಸಾರಜನಕವನ್ನು ಬೇರಿನಲ್ಲಿ ಹಿಡಿಯುವ ಜಾತಿಯಾದುದರಿಂದ ಅದರ ಸೊಪ್ಪು ಹೊದಿಕೆಯೂ ಹೌದು, ಗೊಬ್ಬರವೂ ಹೌದು. ಹೊದಿಕೆ ಬೊಡ್ಡೆಯನ್ನು ಮುಟ್ಟದಂತೆ ಒಂದು ಗೇಣು ದೂರವಿರಲಿ.

ಸತುವಿನ ಸಿಂಪರಣೆ. ಸತುವಿನ ಕೊರತೆಯನ್ನು ಎಲೆಯ ಮೂಲಕ ನೀಗಿಸುವುದು ಸುಲಭ. ೧೦೦ ಲೀಟರ್ ನೀರಿಗೆ ಜಿಂಕ್ ಸಲ್ಫೇಟ್ ೫೦೦ ಗ್ರಾಂ ಮತ್ತು ಅರಳಿಸಿದ ಸುಣ್ಣ ೨೫೦ ಗ್ರಾಂ ಪ್ರಮಾಣದಲ್ಲಿ, ಎರಡನ್ನೂ ಬೇರೆ ಬೇರೆ ಕರಗಿಸಿ, ಸೋಸಿ ಬೆರೆಸಿ, ಹೊಸ ಎಲೆಗಳು ಮುಕ್ಕಾಲು ಪಾಲು ಅಗಲವಾದಾಗ ಎರಡು ಪಕ್ಕಗಳೂ ತೋಯುವಂತೆ ಸಿಂಪಡಿಸತಕ್ಕದ್ದು. ಹಲವು ಅಂಶಗಳ ಕೊರತೆ ಕಂಡಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಕಿತ್ತಳೆ ಜಾತಿಗಾಗಿ ಸಿದ್ಧಪಡಿಸಿರುವ ಲಘು ಪೋಷಕಾಂಶಗಳ ಮಿಶ್ರಣವನ್ನು ಚೀಲದ ಮೇಲಿನ ಸೂಚನೆಯಂತೆ ಉಪಯೋಗಿಸಬಹುದು.

ಇಷ್ಟು ಮಾಡಿ ಮುಂದಿನ ಎರಡು ಮೂರು ಚಿಗುರುಗಳನ್ನು ಗಮನಿಸಬೇಕು. ಹೊಸ ಎಲೆ ಅಗಲವಾಗಿ ಹಸುರಾಗಿ ಬಂದರೆ ಮರಕ್ಕಿದ್ದುದು ಹಸಿವೆಂದು ತಿಳಿಯಬಹುದು. ಆಹಾರ ಸರಿಯಾಗಿ ಕೊಟ್ಟಮೇಲೂ ಬಲಿತ ಎಲೆಗಳಲ್ಲಿ ತೇಪೆಯ ಹಳದಿ ಮುಂದುವರಿದರೆ ಇನ್ನೊಂದು ವರ್ಷ ಕಾಯುವುದು ತರವಲ್ಲ.

ಬುಡದ ರಕ್ಷಣೆ

ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲೊಮ್ಮೆ, ಮಳೆ ನಿಂತಮೇಲೆ ಅಕ್ಟೋಬರಿನಲ್ಲೊಮ್ಮೆ ಬೊಡ್ಡೆಗೆ ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಬೋರ್ಡೋ ಸರಿಯನ್ನು ಬಳಿಯಬೇಕು. ಮೈಲುತುತ್ತ ಒಂದು ಕಿಲೋಗ್ರಾಂ, ಸುಣ್ಣ ಒಂದು ಕಿಲೋಗ್ರಾಂ, ನೀರು ೧೦ ಲೀಟರ್. ಇದನ್ನು ಮಣ್ಣಿನ ಅಥವಾ ಪ್ಲಾಸ್ಟಿಕ್ಕಿನ ಪಾತ್ರೆಯಲ್ಲಿ ತಯಾರಿಸಬೇಕೇ ಹೊರತು ಕಬ್ಬಿಣದ ಪಾತ್ರೆಯಲ್ಲಿ ಕೂಡದು. ಒಣಗಿದ ರೆಂಬೆಗಳನ್ನು ಹಸಿ ಭಾಗದವರೆಗೆ ಕೊಯ್ದು ಕತ್ತರಿಸಿದ ಬಾಯಿಗೂ ಇದನ್ನೇ ಹಚ್ಚಬೇಕು. ಬಂದಳಿಕೆ ಹತ್ತಿದ್ದರೆ ಅದು ಹೂ ಬಿಡುವುದಕ್ಕೆ ಮುಂಚೆಯೇ ರೆಂಬೆಸಹಿತ ತೆಗೆಯತಕ್ಕದ್ದು.

ರೋಗದ ಮರವನ್ನು ತೆಗೆಯುವ ಕ್ರಮ

ಗ್ರೀನಿಂಗ್ ರೋಗವನ್ನು ವಾಸಿಮಾಡುವ ಔಷಧವಿಲ್ಲ. ಟೆಟ್ರಾಸೈಕ್ಲಿನ್ ಎಂಬ ಔಷಧವನ್ನು ಮರದ ಕಾಂಡಕ್ಕೆ ಸೇರಿಸುವ ಪ್ರಯೋಗಗಳು ಹಲವು ದೇಶಗಳಲ್ಲಿ ನಡೆದುವು. ರೋಗ ಕೆಲಕಾಲ ತಗ್ಗಿದುದುಂಟು, ಬೇರುಸಹಿತ ಹೋಗಲಿಲ್ಲ. ಆದುದರಿಂದ ಖಚಿತವಾದ ಮೇಲೆ ಮರವನ್ನು ತೆಗೆಯುವುದೇ ಮಾರ್ಗ. ಹಿರಿಯರು ನೆಟ್ಟ ಮರವನ್ನು ಕಡಿಯಲು ಮನಸ್ಸು ಒಪ್ಪದಿರುವುದು ಸ್ವಾಭಾವಿಕ. ಆದರೆ ಆ ಒಂದು ಮರದ ಮೇಲಿನ ಮಮತೆಯಿಂದ ಊರಿನ ನೂರು ಎಳೆಯ ಮರಗಳು ಸಾಯುವುದಾದರೆ ಆ ಹಿರಿಯರ ಉದ್ದೇಶ ನೆರವೇರಿತೆಂದು ಹೇಳಲಾಗದು.

ರೋಗವನ್ನು ಹರಡುವ ಸಿಲ್ಲಾ ಕೀಟವು ಮೂರು ನಾಲ್ಕು ಮಿಲಿಮೀಟರ್ ಉದ್ದದ ಕಂದು ಬಣ್ಣದ ಹುಳು. ಎಲೆಯ ಮೇಲೆ ತಲೆ ತಗ್ಗಿಸಿ ಹಿಂಭಾಗವನ್ನು ಎತ್ತಿಕೊಂಡು ಕೂರುವುದರಿಂದ ಇದನ್ನು ಸುಲಭವಾಗಿ ಗುರುತಿಸಬಹುದು. ಇದು ಮೊಟ್ಟೆಯಿಡುವುದು ಅತ್ಯಂತ ಎಳೆಯ ಚಿಗುರಿನಲ್ಲಿ ಮಾತ್ರ. ಆದುದರಿಂದ ಚಿಗುರೊಡೆಯುವ ಕಾಲದಲ್ಲಿ ಬೇವಿನ ಕಷಾಯವನ್ನಾಗಲಿ, ಇಲಾಖೆಯವರು ಸೂಚಿಸುವ ಕೀಟನಾಶಕವನ್ನಾಗಲಿ ಸಿಂಪಡಿಸಿದರೆ ಫಲವುಂಟು. ಹೂವಿನ ಕಾಲದಲ್ಲಿ ಕೀಟನಾಶಕ ಸಿಂಪಡಿಸಬಾರದು. ಅದರಿಂದ ಜೇನುಹುಳುಗಳು ಸಾಯುವುವು. ರೋಗದ ಮರವನ್ನು ಕಡಿಯುವುದಕ್ಕೆ ಕೆಲವು ದಿನ ಮುಂಚೆ ಅದರ ಮೇಲಿನ ಕೀಟಗಳನ್ನು ಕೊಲ್ಲತಕ್ಕದ್ದು. ಇಲ್ಲವಾದರೆ ಮರ ಬಿದ್ದೊಡನೆ ಅವು ರೋಗವನ್ನು ಹೊತ್ತು ನೆರೆಯ ಮರಗಳಿಗೆ ಹಾರುವುವು. ಕಡಿದ ಬೊಡ್ಡೆಯಿಂದ ಮತ್ತೆ ಚಿಗುರೊಡೆಯದಂತೆ ಬೇರನ್ನೂ ಅಗೆದು ತೆಗೆಯಬೇಕು.

ಮನೆಯ ಮುಂದೆ ಅಂದಕ್ಕಾಗಿ ನೆಡುವ ಕಾಮಿನಿ ಎಂಬ ಬಿಳಿ ಹೂವಿನ ಪರಿಮಳದ ಗಿಡವು ಕಿತ್ತಳೆಯ ವಂಶಕ್ಕೆ ಸೇರಿದುದು. ಅದರ ಚಿಗುರೂ ಈ ಕೀಟಕ್ಕೆ ಬಹಳ ಪ್ರಿಯ. ಕರಿಬೇವಿನ ಮೇಲೆಯೂ ಕೀಟ ಬದುಕಬಲ್ಲುದು. ಕಿತ್ತಳೆ ತೋಟದ ಪಕ್ಕದಲ್ಲಿ ಕಾಮಿನಿಯ ಬೇಲಿಯನ್ನು ಬೆಳೆಸದಿರುವುದು ಕ್ಷೇಮ.

ಹೊಸ ಸಸಿಗಳ ವಿಷಯ

ತೆಗೆದ ಮರದ ಸ್ಥಾನಕ್ಕೆ ಎಂಥ ಸಸಿ ನೆಡುವೆವೆಂಬುದರ ಮೇಲೆ ಮುಂದಿನ ಇಪ್ಪತ್ತು ವರ್ಷಗಳ ಫಲ ನಿಂತಿದೆ. ಕೊಡಗಿನ ಕಿತ್ತಳೆಯ ಒಂದು ಬೀಜದಿಂದ ಹಲವು ಮೊಳಕೆಗಳು ಹೊರಡುವುವು. ಅವುಗಳಲ್ಲಿ ಹೆಚ್ಚಿನವು ತಾಯಿಮರದ ಗುಣವನ್ನೇ ಹೊಂದಿರುತ್ತವೆ. ಒಂದೇ ಸಮನಾದ ಸಸಿಗಳನ್ನು ಇಟ್ಟುಕೊಂಡು, ಅತಿ ಕುಳ್ಳಾದುವನ್ನೂ ಬಗೆ ಬೇರೆಯಾಗಿ ಕಾಣುವುವನ್ನೂ ಕಿತ್ತು ಹಾಕಬೇಕು. ಬೀಜ ಒಣಗಿದರೆ ಮೊಳೆಯುವ ಶಕ್ತಿ ಬೇಗ ಕುಂದುವುದರಿಂದ ಹಣ್ಣಿನಿಂದ ತೆಗೆದ ಕೂಡಲೇ ಬಿತ್ತಬೇಕು. ಬೀಜದ ಸಸಿ ಫಲ ಕೊಡಲು ಆರೇಳು ವರ್ಷವಾದೀತು. ರಂಗಪುರ ನಿಂಬೆ ಮುಂತಾದ ಬೇರುಸಸಿಗಳ ಮೇಲೆ ಕಣ್ಣುಕಸಿ ಮಾಡಿದ ಸಸಿಗಳು ಅದಕ್ಕಿಂತ ಬೇಗ ಫಲಕ್ಕೆ ಬರುವುವು.

ಆದರೆ ಕಸಿಯ ಕಣ್ಣು ರೋಗದ ಮರದಿಂದ ಬಂದುದಾದರೆ ಸಸಿಯೊಡನೆ ರೋಗವನ್ನೂ ಬೆಲೆಕೊಟ್ಟು ತಂದಂತಾಗುವುದು. ರೋಗ ಹೊಕ್ಕ ಸಸಿಯು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಚಿಹ್ನೆ ತೋರದೆ ಚೆಲುವಾಗಿಯೇ ಇರಬಹುದು. ಆದುದರಿಂದ ಸಂತೆಯಲ್ಲಿಯೂ ಗಾಡಿಗಳಲ್ಲಿಯೂ ತಂದು ಮಾರುವ, ಮೂಲ ತಿಳಿಯದ ಸಸಿಗಳನ್ನು ಎಷ್ಟು ಅಗ್ಗವಾಗಿದ್ದರೂ ಕೊಳ್ಳಬಾರದು. ಪರೀಕ್ಷಿಸಿದ ತಾಯಿಮರದಿಂದ ಕಣ್ಣು ತೆಗೆದು, ಕೀಟ ನುಗ್ಗದ ಬಲೆಯ ಮನೆಯೊಳಗೆ ಬೆಳೆಸಿದ ಸಸಿಯನ್ನೇ ಕೇಳಿ ಪಡೆಯತಕ್ಕದ್ದು.

ನೆಡುವಾಗ ಎರಡಡಿ ಉದ್ದ, ಅಗಲ, ಆಳದ ಗುಂಡಿ ತೋಡಿ, ಮೇಲ್ಮಣ್ಣನ್ನೂ ಕೊಟ್ಟಿಗೆ ಗೊಬ್ಬರವನ್ನೂ ಬೆರೆಸಿ ತುಂಬಿ, ಮುಂಗಾರಿನ ಆರಂಭದಲ್ಲಿ ಸಸಿಯಿಂದ ಸಸಿಗೆ ೨೦ ಅಡಿ ಅಂತರದಲ್ಲಿ ನೆಡಬೇಕು. ಕಸಿಯ ಗಂಟು ನೆಲದಿಂದ ಒಂದು ಗೇಣಾದರೂ ಮೇಲಿರಬೇಕು. ನೀರು ನಿಲ್ಲುವ ತಗ್ಗು ಈ ಮರಕ್ಕೆ ಒಪ್ಪದು. ಅತಿ ದಟ್ಟವಾದ ನೆರಳಿನಲ್ಲಿ ಮರ ಉದ್ದವಾಗಿ ಬೆಳೆಯುವುದೇ ಹೊರತು ಫಲ ಕೊಡದು. ಮರಗಸಿ ಮಾಡುವಾಗ ಕಿತ್ತಳೆಯ ನೆತ್ತಿಗೆ ಬೆಳಕು ಬೀಳುವಂತೆ ನೋಡಿಕೊಳ್ಳಬೇಕು.

ಗ್ರಾಮದ ಮುಖಂಡರಲ್ಲಿ ವಿಜ್ಞಾಪನೆ

ಹಸಿವು ಪ್ರತಿಯೊಬ್ಬ ಮಾಲಿಕನ ಸ್ವಂತ ತೋಟದ ವಿಷಯ; ತನ್ನ ಗೊಬ್ಬರದಿಂದ ತನ್ನ ಮರವನ್ನು ಅವನು ಸಾಕಿಕೊಳ್ಳಬಹುದು. ರೋಗ ಹಾಗಲ್ಲ. ಸಿಲ್ಲಾ ಕೀಟಕ್ಕೆ ಬೇಲಿಯೂ ಸರ್ವೆ ಕಲ್ಲೂ ಗೊತ್ತಿಲ್ಲ. ಒಬ್ಬನು ರೋಗದ ಮರಗಳನ್ನು ತೆಗೆದು ಹೊಸ ಸಸಿ ನೆಟ್ಟರೂ, ಪಕ್ಕದ ಬಾಣೆಯಲ್ಲಿ ಮಾಲಿಕರು ದೂರದ ಊರಿನಲ್ಲಿರುವ ಕಾರಣ ಯಾರೂ ನೋಡದ ಹತ್ತು ರೋಗದ ಮರಗಳು ನಿಂತಿದ್ದರೆ ಅವನ ಶ್ರಮ ವ್ಯರ್ಥವಾಗುವುದು. ಈ ಕೆಲಸವನ್ನು ಊರು ಒಟ್ಟಾಗಿ ಮಾಡಬೇಕಾಗಿದೆ. ಊರನ್ನು ಒಟ್ಟುಗೂಡಿಸಬಲ್ಲವರು ಊರಿನ ತಕ್ಕರು, ಪಂಚಾಯತಿಯ ಸದಸ್ಯರು, ಸಹಕಾರ ಸಂಘಗಳ ಮುಖ್ಯಸ್ಥರು ಮತ್ತು ಹಿರಿಯ ಭೂಮಾಲಿಕರು.

ಇವರಲ್ಲಿ ನಮ್ಮ ಪ್ರಾರ್ಥನೆ ಮೂರು. ಮೊದಲನೆಯದು, ಹುತ್ತರಿ ಕಳೆದ ಮೇಲೆ ಒಂದು ದಿನವನ್ನು ಗೊತ್ತುಮಾಡಿ ಊರಿನ ಕಿತ್ತಳೆ ಮರಗಳನ್ನೆಲ್ಲ ಒಮ್ಮೆ ಸುತ್ತಿ ನೋಡಿ, ಹಸಿದುವೆಷ್ಟು, ಸಂಶಯದವೆಷ್ಟು ಎಂದು ಪಟ್ಟಿ ಮಾಡುವುದು. ಸಂಶಯದ ಮರಕ್ಕೆ ಬಣ್ಣದ ಪಟ್ಟಿ ಬಳಿಯುವುದು. ಎರಡನೆಯದು, ಊರಿನಲ್ಲಿಲ್ಲದ ಮಾಲಿಕರಿಗೆ ಕಾಗದ ಬರೆದೋ ಫೋನಿನಲ್ಲಿ ತಿಳಿಸಿಯೋ ಅವರ ಮರಗಳ ಬಗ್ಗೆ ಒಪ್ಪಿಗೆ ಪಡೆಯುವುದು. ಮೂರನೆಯದು, ಚಿಗುರಿನ ಕಾಲದ ಸಿಂಪರಣೆಯನ್ನು ಒಂದೇ ವಾರದಲ್ಲಿ ಊರೆಲ್ಲ ಮುಗಿಸುವಂತೆ ಏರ್ಪಡಿಸುವುದು. ಒಂದು ತೋಟದಲ್ಲಿ ಇಂದು, ಇನ್ನೊಂದರಲ್ಲಿ ತಿಂಗಳಾದ ಮೇಲೆ ಸಿಂಪಡಿಸಿದರೆ ಕೀಟಗಳು ಇಲ್ಲಿಂದ ಅಲ್ಲಿಗೆ ಹಾರಿ ಬದುಕಿಕೊಳ್ಳುವುವು.

ಈ ವರ್ಷ ಇಡೀ ತೋಟವನ್ನು ಸರಿಪಡಿಸಲು ಅನುಕೂಲವಿಲ್ಲದವರು ಮನೆಯ ಸಮೀಪದ ಹತ್ತು ಮರಗಳನ್ನು ಆರಿಸಿಕೊಂಡು ಆರಂಭಿಸಬಹುದು. ಒಂದೊಂದು ಮರಕ್ಕೂ ಅಂಕೆ ಹಾಕಿ, ಎಲೆಯ ಸ್ಥಿತಿ, ಕೊಟ್ಟ ಗೊಬ್ಬರ, ಕೊಯ್ದ ಹಣ್ಣಿನ ಎಣಿಕೆ ಇವುಗಳನ್ನು ಪುಸ್ತಕದಲ್ಲಿ ಬರೆದಿಡಲಿ. ಎರಡು ವರ್ಷದ ಬರಹವು ಯಾವ ಮರವನ್ನು ಸಾಕಬೇಕು, ಯಾವುದನ್ನು ತೆಗೆಯಬೇಕೆಂಬುದನ್ನು ತೋರಿಸಿಕೊಡುವುದು. ಗೊಬ್ಬರದ ಪ್ರಮಾಣದಲ್ಲಾಗಲಿ ರೋಗದ ಗುರುತಿನಲ್ಲಾಗಲಿ ಸಂದೇಹವುಂಟಾದವರು ಎಳೆಯ ಮತ್ತು ಬಲಿತ ಎಲೆಗಳನ್ನೂ ಒಂದೆರಡು ಹಣ್ಣುಗಳನ್ನೂ ತಮ್ಮ ಹೋಬಳಿಯ ಇಲಾಖೆಯ ಅಧಿಕಾರಿಗಳ ಬಳಿಗೆ ತಂದು ತೋರಿಸಿದರೆ ಬೇಕಾದ ಸಲಹೆ ದೊರೆಯುವುದು.